ಬರೀ ‘ಹುಷಾರಿಲ್ಲ’ ಅಂತ ಬರೆದರೆ ಸಾಲದು: ಕೊಡಗಿನ ಒಂದು ಕಾಫಿ ತೋಟದ ಪ್ರಕರಣ ಅಧ್ಯಯನ

ಇದು ಕೊಡಗಿನ ಒಂದು ಕಾಫಿ ತೋಟದಲ್ಲಿ ನಡೆದದ್ದು. ತೋಟದ ಹೆಸರು, ಊರು, ಜನರ ಹೆಸರು ಯಾವುದನ್ನೂ ಬರೆಯುತ್ತಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ತೋಟದ ಸಾಹುಕಾರರಿಗೂ ಇಲ್ಲಿ ಬರುವ ಕೆಲಸದವರಿಗೂ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಬರೆದದ್ದು. ನಾನು ವೈದ್ಯೆ. ಪೇಟೆಯಲ್ಲಿ ಸಣ್ಣ ಕ್ಲಿನಿಕ್ ಇದೆ. ಆ ತೋಟಕ್ಕೆ ವಾರಕ್ಕೊಮ್ಮೆಯಂತೆ ಎರಡೂವರೆ ವರ್ಷ ಹೋದೆ. ನಾವು ಸರಿ ಮಾಡಿದ್ದೂ ಇದರಲ್ಲಿದೆ, ನಾನು ತಪ್ಪಿದ್ದೂ ಇದೆ. ತೋಟ ನಡೆಸುವವರಿಗೆ, ತೋಟಗಳಿಗೆ ಹೋಗುವ ವೈದ್ಯರಿಗೆ, ನರ್ಸ್‌ಗಳಿಗೆ ಎರಡೂ ಉಪಯೋಗಕ್ಕೆ ಬರಲಿ.

ತೋಟ, ಜನ, ಹಾಜರಿ

ತೋಟದ ಹೆಚ್ಚಿನ ಭಾಗ ರೊಬಸ್ಟಾ. ಮೇಲಿನ ಏರಿನಲ್ಲಿ ಸ್ವಲ್ಪ ಅರೇಬಿಕಾ. ಮರಗಳಿಗೆ ಹಬ್ಬಿಸಿದ ಕರಿಮೆಣಸು. ಒಂದು ಬದಿಗೆ ಕಾಡು. ಕೆಲಸಕ್ಕೆ ಹೆಚ್ಚುಕಡಿಮೆ 90 ಜನ. ಅರ್ಧದಷ್ಟು ಜನ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇದ್ದವರು, ಅವರಲ್ಲಿ ಯರವ ಮತ್ತು ಕುರುಬ ಬುಡಕಟ್ಟಿನ ಕುಟುಂಬಗಳೇ ಜಾಸ್ತಿ. ಇನ್ನು ಕೆಲವರು ಹತ್ತಿರದ ಹಾಡಿಯಿಂದ (ಬುಡಕಟ್ಟು ಜನರ ಕೇರಿ) ದಿನಗೂಲಿಗೆ ಬರುತ್ತಿದ್ದರು. ಕೊಯ್ಲಿನ ಹೊತ್ತಿಗೆ ಅಸ್ಸಾಂ ಕಡೆಯಿಂದ ಒಂದು ಗುಂಪು ಬರುತ್ತಿತ್ತು.

ತೋಟದ ಲೆಕ್ಕ ಬರೆಯುವ ರೈಟರ ಹಾಜರಿ ಪುಸ್ತಕದಲ್ಲಿ ಗೈರು ವರ್ಷಕ್ಕೆ ಎರಡು ಸಲ ಏರುತ್ತಿತ್ತು. ಒಂದು, ಜುಲೈ–ಆಗಸ್ಟ್‌ನ ಜಡಿಮಳೆಯಲ್ಲಿ. ಇನ್ನೊಂದು, ಜನವರಿ–ಫೆಬ್ರವರಿಯ ಕೊಯ್ಲಿನಲ್ಲಿ. ಮಳೆಗಾಲದಲ್ಲಿ ಕೆಲಸ ನಾಲ್ಕು ದಿನ ಹಿಂದೆ ಬಿದ್ದರೆ ಹೇಗೋ ಸುಧಾರಿಸಬಹುದು. ಕೊಯ್ಲಿನಲ್ಲಿ ಹಾಗಲ್ಲ. ಹಣ್ಣಾದ ಕಾಫಿ ಕಾಯುವುದಿಲ್ಲ. ಗಿಡದಲ್ಲೇ ಒಣಗುತ್ತದೆ, ಇಲ್ಲ ನೆಲಕ್ಕೆ ಉದುರುತ್ತದೆ. ಉದುರಿ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಮನೆ ಮಾಡಿಕೊಂಡು ಮುಂದಿನ ಫಸಲಿಗೂ ಕಾಟ ಕೊಡುತ್ತದೆ. ಹಾಗಾಗಿ ಸಾಹುಕಾರರ ತಲೆಬಿಸಿ ಸುಮ್ನೆ ಬಂದದ್ದಲ್ಲ.

ಆದರೆ ಆ ಪುಸ್ತಕದಲ್ಲಿ ಗೈರಿಗೆ ಎರಡೇ ಕಾರಣ ಇರುತ್ತಿದ್ದವು. ‘ಹೇಳದೆ ರಜೆ’, ‘ಹುಷಾರಿಲ್ಲ’. ಹಬ್ಬ, ಮದುವೆ, ಸಾವು ಎಲ್ಲ ಮೊದಲನೆಯದರಲ್ಲಿ. ಕಾಲುನೋವಿನಿಂದ ಕಾಮಾಲೆಯ ತನಕ ಎಲ್ಲ ಎರಡನೆಯದರಲ್ಲಿ.

ಮೊದಲು ಹಾಕಿದ ಎರಡು ನಿಯಮ

ನಾನು ಹೋಗುವ ಮುಂಚೆ ಸಾಹುಕಾರರು ಎರಡು ನಿಯಮ ತಂದಿದ್ದರು. ತಿಂಗಳಿಡೀ ಒಂದು ದಿನವೂ ತಪ್ಪಿಸದವರಿಗೆ ಹಾಜರಿ ಬೋನಸ್. ಹುಷಾರಿಲ್ಲ ಅಂತ ಒಂದು ದಿನ ತಪ್ಪಿಸಿದರೂ ಡಾಕ್ಟರ ಚೀಟಿ ತರಬೇಕು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅಕ್ಕಪಕ್ಕದವರು ಮಾಡಿದ್ದನ್ನು ನೋಡಿ ಮಾಡಿದ್ದು.

ಚೀಟಿಯ ನಿಯಮ ತಿರುಗಿಬಿತ್ತು. ತೋಟದಿಂದ ಬಸ್ ಬರುವ ರಸ್ತೆಗೆ ಮೂರು ಕಿಲೋಮೀಟರ್ ನಡೆಯಬೇಕು. ಆಸ್ಪತ್ರೆಗೆ ಹೋಗಿ ಬಂದರೆ ಒಂದು ದಿನ ಹೋಯಿತು. ಒಂದು ದಿನ ಮಲಗಿದ್ದರೆ ಸರಿಹೋಗುತ್ತಿದ್ದ ನೆಗಡಿಗೆ ಈಗ ಎರಡು ದಿನ ಬೇಕು: ಮಲಗಲು ಒಂದು, ಚೀಟಿ ತರಲು ಒಂದು.

ಬೋನಸ್ ಇನ್ನೂ ದೊಡ್ಡ ಅನಾಹುತ ಮಾಡಿತು. ಆಗಸ್ಟ್ ತಿಂಗಳ ಕೊನೇ ವಾರ. ನೀರು ಹರಿಯುವ ತೋಡು ಬಿಡಿಸುವ ಕೆಲಸಕ್ಕಿದ್ದ ಒಬ್ಬ ನಡುವಯಸ್ಸಿನ ಆಳಿಗೆ ಜ್ವರ ಬಂತು. ತಿಂಗಳು ಮುಗಿಯಲು ನಾಲ್ಕೇ ದಿನ ಇತ್ತು. ಒಂದು ದಿನ ತಪ್ಪಿಸಿದರೆ ಬೋನಸ್ ಹೋಯಿತು. ಜ್ವರದ ಮಾತ್ರೆ ನುಂಗಿ ಮೂರು ದಿನ ಮಳೆಯಲ್ಲೇ ಬಂದ. ಮೀನಖಂಡ ಹಿಡಿದುಕೊಂಡಂತೆ ನೋವು ಅಂತ ಜೊತೆಯವರ ಹತ್ತಿರ ಹೇಳಿದ್ದನಂತೆ. ಕಣ್ಣು ಕೆಂಪಾಗಿತ್ತು. ನಾಲ್ಕನೇ ದಿನ ಕೆಲಸದ ಜಾಗದಲ್ಲೇ ಕುಸಿದ. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಇಲಿ ಜ್ವರ. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಉಳಿದ. ಆದರೆ ಪೂರ್ತಿ ಕೆಲಸಕ್ಕೆ ಮರಳಲು ಎರಡು ತಿಂಗಳು ಹಿಡಿಯಿತು.

ಇಲಿ ಜ್ವರದ ರೋಗಾಣು ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರುತ್ತದೆ. ಗಾಯವಾದ ಚರ್ಮದಿಂದ ಮನುಷ್ಯರ ಮೈಗೆ ಹೊಗುತ್ತದೆ. ಮೊದಲ ದಿನಗಳಲ್ಲೇ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯೊಟಿಕ್‌ಗೆ ಬಗ್ಗುವ ಕಾಯಿಲೆ. ಇಲ್ಲಿ ಕೈತಪ್ಪಿದ್ದು ಆ ಮೂರು ದಿನ. ಆಸ್ಪತ್ರೆಯ ಕಾರಿಡಾರ್‌ನಲ್ಲಿ ಸಾಹುಕಾರರು ನನಗೆ ಹೇಳಿದ ಮಾತು ಇನ್ನೂ ನೆನಪಿದೆ. “ಡಾಕ್ಟ್ರೇ, ಅವನು ಬರ್ಲಿ ಅಂತ ದುಡ್ಡು ಕೊಟ್ಟವನು ನಾನೇ ಅಲ್ವಾ?” ಬೋನಸ್ಸೂ ಚೀಟಿಯೂ ಆ ತಿಂಗಳೇ ನಿಂತವು. ವಾರಕ್ಕೊಮ್ಮೆ ತೋಟಕ್ಕೆ ಬನ್ನಿ ಅಂತ ಕರೆದದ್ದೂ ಆಗಲೇ.

ನಾನು ಶಿಬಿರ ಮಾಡಿದೆ

ನನಗೆ ಗೊತ್ತಿದ್ದ ದಾರಿ ಆರೋಗ್ಯ ಶಿಬಿರ. ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, ಎರಡು ದಿನ ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿ ಎಲ್ಲರನ್ನೂ ನೋಡಿದೆವು. ಬಿಪಿ, ಶುಗರ್, ತೂಕ, ಕಣ್ಣು. ರಕ್ತ ಕಡಿಮೆ ಕಂಡವರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ಕೆಲವರಿಗೆ ಬಿಪಿ ಇರುವುದು ಅಂದೇ ಗೊತ್ತಾಯಿತು. ಅದು ಒಳ್ಳೆಯದೇ ಆಯಿತು. ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಬರೆದು ಕೊಟ್ಟೆವು.

ನವೆಂಬರ್, ಡಿಸೆಂಬರ್ ಕಳೆಯಿತು. ಗೈರು ಇದ್ದ ಹಾಗೇ ಇತ್ತು. ಪುತ್ತರಿ ಹಬ್ಬ ಕಳೆದು ಕೊಯ್ಲು ಶುರುವಾಗುತ್ತಲೇ ಏರತೊಡಗಿತು. ನಾನು ಹುಡುಕಿದ್ದು ಜನರ ಮೈಯಲ್ಲಿರುವ ಕಾಯಿಲೆ. ಅವರ ಕೆಲಸ ಹೇಗಿದೆ ಅಂತ ನೋಡಲೇ ಇಲ್ಲ. ಎರಡು ದಿನ ಕಣದಲ್ಲಿ ಕೂತಿದ್ದೆ. ಕಣ ದಾಟಿ ತೋಟದೊಳಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಉದ್ಯೋಗದ ಆರೋಗ್ಯ ನೋಡಬೇಕಾದವರು ಮೊದಲು ನೋಡಬೇಕಾದದ್ದು ಉದ್ಯೋಗವನ್ನು. ಪುಸ್ತಕದಲ್ಲಿ ಓದಿದ ಮಾತು. ತೋಟದಲ್ಲಿ ಮರೆತಿದ್ದೆ.

ಅಕ್ಕನ ನೋಟ್‌ಬುಕ್

ಮುಂದಿನ ವಾರದಿಂದ ಬೆಳಗ್ಗೆ ಹಾಜರಿ ಹೊತ್ತಿಗೇ ಹೋಗಿ ನಿಂತೆ. ಗೈರಾದವರ ಕಾರಣ ಕೇಳಿ ಬರೆದುಕೊಳ್ಳಿ ಅಂತ ರೈಟರಿಗೆ ಹೇಳಿದೆ. ಅವರು ಒಳ್ಳೆಯವರೇ, ನಿಷ್ಠೆಯಿಂದ ಕೇಳಿದರು. ಹೆಂಗಸರು ನಿಷ್ಠೆಯಿಂದ ‘ಹುಷಾರಿರ್ಲಿಲ್ಲ’ ಅಂದರು. ಹದಿನೈದು ದಿನದಲ್ಲಿ ಒಂದೇ ಪದ ಪುಟದ ತುಂಬ.

ಲೈನಿನಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಯರವ ಮಾತು, ಕನ್ನಡ, ಸ್ವಲ್ಪ ಮಲಯಾಳ ಬರುತ್ತಿತ್ತು. ಹೆರಿಗೆ ಹೊತ್ತಿಗೆ ಆಶಾ ಕಾರ್ಯಕರ್ತೆಯನ್ನು ಕರೆಯಲು ಓಡುತ್ತಿದ್ದವರು ಅವರೇ. ನಾನು ಅವರ ಜಗಲಿಯಲ್ಲಿ ಕೂತು ವಿಷಯ ಹೇಳಿದಾಗ ಅವರು ಅಂದದ್ದು: “ಅಮ್ಮಾ, ರೈಟರ್ ಹತ್ರ ಉರಿಮೂತ್ರ ಅಂತ ಯಾರು ಹೇಳ್ತಾರೆ?”

ಈ ಒಂದು ಮಾತಿನಿಂದ ಇಡೀ ಕೆಲಸ ತಿರುಗಿತು. ನೋಟ್‌ಬುಕ್ ಅಕ್ಕನ ಕೈಗೆ ಹೋಯಿತು. ಅವರಿಗೆ ಓದು ಬರಹ ಅಷ್ಟಕ್ಕಷ್ಟೇ. ಹಾಗಾಗಿ ಪುಟದ ಮೇಲೆ ಸಾಲಾಗಿ ಚಿತ್ರ ಬರೆದುಕೊಟ್ಟೆ: ತಲೆ, ಹೊಟ್ಟೆ, ಬೆನ್ನು, ಕಾಲು, ಒಂದು ಹನಿ, ಒಂದು ಬಾಟಲಿ, ಒಂದು ಮಗು. ಹನಿ ಅಂದರೆ ಮೂತ್ರದ ತೊಂದರೆ. ಬಾಟಲಿ ಅಂದರೆ ಕುಡಿತ. ಯಾರಾದರೂ ಬಾರದಿದ್ದರೆ ಅಕ್ಕ ಸಂಜೆ ಮಾತಾಡಿಸಿ, ಆ ಚಿತ್ರದ ಕೆಳಗೆ ಒಂದು ಗೀಟು ಎಳೆಯುವುದು. ಹೆಸರು ಬರೆಯುವಂತಿಲ್ಲ. ನೋಟ್‌ಬುಕ್ ರೈಟರಿಗಾಗಲೀ ಸಾಹುಕಾರರಿಗಾಗಲೀ ತೋರಿಸುವಂತಿಲ್ಲ. ವಾರದ ಕೊನೆಗೆ ಒಟ್ಟು ಲೆಕ್ಕ ಮಾತ್ರ ಅವರಿಗೆ. ಈ ಕೆಲಸಕ್ಕೆ ಅಕ್ಕನಿಗೆ ದಿನಕ್ಕೆ ಒಂದು ಗಂಟೆಯ ಕೂಲಿ ಅಂತ ಸಾಹುಕಾರರು ಒಪ್ಪಿದರು.

ಜನವರಿ ಕೊನೆಗೆ ನೋಡಿದರೆ ಹನಿಯ ಕೆಳಗೆ ಗೀಟುಗಳು ತುಂಬಿ ಪಕ್ಕದ ಅಂಚಿಗೂ ಹೋಗಿದ್ದವು. ತಲೆಯ ಕೆಳಗೂ ಸಾಕಷ್ಟಿದ್ದವು. ಬಾಟಲಿಯ ಕೆಳಗೆ ಎಲ್ಲರೂ ಅಂದುಕೊಂಡಷ್ಟು ಇರಲಿಲ್ಲ. ಸೋಮವಾರದ ಗೈರೆಲ್ಲ ಭಾನುವಾರದ ಕುಡಿತದ್ದು ಅನ್ನುವ ಮಾತು ತೋಟದಲ್ಲಿತ್ತು. ಅದರಲ್ಲಿ ಸ್ವಲ್ಪ ನಿಜ ಇತ್ತು. ಆದರೆ ಶನಿವಾರ ಸಂಜೆಯೇ ಹುಷಾರು ತಪ್ಪಿದವರು ಭಾನುವಾರ ಹೊರರೋಗಿ ವಿಭಾಗ ಇರುವುದಿಲ್ಲ ಅಂತ ಸೋಮವಾರದ ತನಕ ಕಾಯುತ್ತಿದ್ದದ್ದೂ ಇತ್ತು. ನಾನು ಬರುವ ದಿನವನ್ನು ಗುರುವಾರದಿಂದ ಸೋಮವಾರ ಬೆಳಗ್ಗೆಗೆ ಬದಲಿಸಿದೆ. ಒಂದು ಪೈಸೆ ಖರ್ಚಿಲ್ಲದ ಬದಲಾವಣೆ. ಸೋಮವಾರದ ಗೈರಿನ ಮಟ್ಟಿಗೆ ಫಲ ಆ ತಿಂಗಳೇ ಕಂಡಿತು.

ನೀರು ಕುಡಿಯದ ಕೊಯ್ಲು

ಆಮೇಲೆ ನಾನು ಒಂದು ಇಡೀ ದಿನ ಕೊಯ್ಲಿನ ಜೊತೆ ಇದ್ದೆ. ಬೆಳಗ್ಗೆ ಮಂಜು, ಚಳಿ. ಹನ್ನೊಂದರ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತದೆ. ಸೊಂಟಕ್ಕೆ ಚೀಲ ಕಟ್ಟಿ, ಕೊಂಬೆ ಬಗ್ಗಿಸಿ, ಎರಡೂ ಕೈಯಲ್ಲಿ ಹಣ್ಣು ಉದುರಿಸುವುದು. ಸಂಜೆ ತೂಕ. ನಿಗದಿಗಿಂತ ಜಾಸ್ತಿ ಕೊಯ್ದರೆ ಕೆ.ಜಿ. ಲೆಕ್ಕದಲ್ಲಿ ದುಡ್ಡು. ಕೊಯ್ಲಿನ ಎರಡು ತಿಂಗಳಲ್ಲಿ ಬರುವ ಈ ಹೆಚ್ಚುವರಿಯಲ್ಲೇ ಸಾಲ ತೀರಬೇಕು, ಮಕ್ಕಳ ಬಟ್ಟೆ ಆಗಬೇಕು.

ನನ್ನ ಪಕ್ಕದ ಸಾಲಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿ ಇದ್ದಳು. ಬುತ್ತಿಯ ಜೊತೆ ಅರ್ಧ ಲೀಟರ್ ಬಾಟಲಿ ತಂದಿದ್ದಳು. ಹನ್ನೆರಡಕ್ಕೆ ಮುಚ್ಚಳ ತೆಗೆದು ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ ಉಗಿದಳು. ನುಂಗಲಿಲ್ಲ. ಊಟಕ್ಕೆ ಕೂತಾಗ ಎರಡು ಗುಟುಕು ಕುಡಿದಳು. ಸಂಜೆ ನಾಲ್ಕಕ್ಕೆ ಬಾಟಲಿ ನೋಡಿದೆ. ಮುಕ್ಕಾಲು ಭಾಗ ಹಾಗೇ ಇತ್ತು. ಯಾಕಮ್ಮಾ ಅಂತ ಕೇಳಿದೆ. ಸುತ್ತ ನೋಡಿ, ಮೆಲ್ಲಗೆ, “ಕುಡಿದ್ರೆ ಎಲ್ಲಿಗೆ ಹೋಗ್ಲಿ?” ಅಂದಳು.

ಅಲ್ಲಿ ಶೌಚಾಲಯ ಇರಲಿಲ್ಲ. ಲೈನಿನ ಹತ್ತಿರ ಇತ್ತು, ಕೊಯ್ಲಿನ ಜಾಗದಿಂದ ಇಪ್ಪತ್ತೈದು ನಿಮಿಷದ ನಡಿಗೆ. ಪೊದೆ ಮರೆಗೆ ಹೋದರೆ ಹಾವು, ಇಂಬಳ. ಕಾಡಿನ ಬದಿಯಾದರೆ ಆನೆಯ ಭಯ. ಎಲ್ಲಕ್ಕಿಂತ ಜಾಸ್ತಿ, ಗಂಡಸರ ಕಣ್ಣು. ಹಾಗಾಗಿ ಬೆಳಗ್ಗೆ ಏಳರಿಂದ ಸಂಜೆ ಐದರ ತನಕ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಹಾಗೆ ವಾರಗಟ್ಟಲೆ ಮಾಡಿದರೆ ಸೋಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ಬಿಸಿಲಿಗೆ ನೀರಿಲ್ಲದೆ ತಲೆನೋವು, ತಲೆಸುತ್ತು ಬೇರೆ. ಉರಿಮೂತ್ರ ಅಂತ ನನ್ನ ಹತ್ತಿರ ಬಂದ ಹೆಂಗಸರಿಗೆ ನಾನೂ ಮಾತ್ರೆ ಬರೆದು ಕಳಿಸಿದ್ದೇನೆ. ಎರಡು ವಾರಕ್ಕೆ ಮತ್ತೆ ಬರುತ್ತಿದ್ದರು.

ಕೆಲಸದ ಜಾಗದಲ್ಲಿ ಕುಡಿಯುವ ನೀರು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ವೈದ್ಯಕೀಯ ಸೌಲಭ್ಯ, ಇವೆಲ್ಲ ದಯೆಯ ವಿಷಯವಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇದ್ದ ಹಕ್ಕುಗಳು. ಆ ಕಾಯ್ದೆಯನ್ನು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಸೇರಿಸಿದ್ದಾರೆ. ಸಾಹುಕಾರರಿಗೆ ಇದನ್ನು ಹೇಳಿದಾಗ ಅವರು ವಾದ ಮಾಡಲಿಲ್ಲ. “ಲೈನಲ್ಲಿ ಕಟ್ಸಿದ್ದೀನಲ್ಲ ಅಂದ್ಕೊಂಡಿದ್ದೆ” ಅಂದರು. ಕೊಯ್ಲು ವಾರ ವಾರಕ್ಕೆ ಜಾಗ ಬದಲಿಸುತ್ತದೆ, ಶೌಚಾಲಯ ಒಂದೇ ಕಡೆ ಇರುತ್ತದೆ ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ತಗಡಿನ ನಾಲ್ಕು ಗೋಡೆ, ಗುಂಡಿ, ಮೇಲೆ ಕೂರುವ ಹಾಸು. ಬಿಚ್ಚಿ ತೋಟದ ಇನ್ನೊಂದು ಬ್ಲಾಕಿಗೆ (ಭಾಗಕ್ಕೆ) ಒಯ್ಯುವಂಥ ಶೌಚಾಲಯ ಮಾಡಿಸಿದೆವು. ಮೊದಲನೆಯದನ್ನು ಮೇಸ್ತ್ರಿ, ಅಂದರೆ ಆಳುಗಳ ಕೆಲಸದ ಉಸ್ತುವಾರಿ ನೋಡುವವರು, ಜೀಪ್ ರಸ್ತೆಯ ಪಕ್ಕದಲ್ಲಿ ನಿಲ್ಲಿಸಿದರು. ಅಲ್ಲಿ ಮಣ್ಣು ಮೆತ್ತಗೆ, ಸಾಮಾನು ಸಾಗಿಸಲು ಸುಲಭ. ಒಂದು ವಾರ ಒಬ್ಬರೂ ಹೋಗಲಿಲ್ಲ. “ಮಾಡಿಕೊಟ್ರೂ ಬೇಡ ಅಂತಾರೆ” ಅನ್ನುವ ಮಾತು ಹುಟ್ಟಿತು. ಅಕ್ಕನನ್ನೂ ಇನ್ನು ಮೂವರು ಹೆಂಗಸರನ್ನೂ ಕರೆದುಕೊಂಡು ಬ್ಲಾಕ್ ಸುತ್ತಿದೆವು. ಅವರು ಒಂದು ಸಿಲ್ವರ್ ಓಕ್ ಮರದ ಹಿಂದೆ, ತೂಕದ ಜಾಗದಿಂದ ಕಾಣದ ಕಡೆ ತೋರಿಸಿದರು. ದಾರಿಯ ಕಳೆ ಸವರಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಬಕೆಟ್, ಸೋಪು, ಮುಚ್ಚಳ ಇರುವ ಒಂದು ಡಬ್ಬಿ ಇಟ್ಟೆವು. ಮೊದಲಿನದಕ್ಕೆ ಚಿಲಕ ಹೊರಗಡೆ ಮಾತ್ರ ಇತ್ತು. ಅಷ್ಟು ದಿನ ಅದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ಹತ್ತು ನಿಮಿಷ ಹೋಗಿಬಂದರೆ ಎಷ್ಟು ಕೆ.ಜಿ. ಹೋಯಿತು ಅನ್ನುವ ಲೆಕ್ಕ ಪ್ರತಿಯೊಬ್ಬರ ತಲೆಯಲ್ಲೂ ಇತ್ತು. ನೀರು ಕುಡಿಯಿರಿ ಅಂತ ನಾನು ಭಾಷಣ ಮಾಡಿದರೆ ಆ ಲೆಕ್ಕ ಅಳಿಯುವುದಿಲ್ಲ. ಹತ್ತೂವರೆಗೆ ಒಂದು, ಮೂರಕ್ಕೆ ಒಂದು ಬಿಡುವು ಇಟ್ಟು, ಸಂಜೆ ಎಲ್ಲರ ತೂಕಕ್ಕೂ ಎರಡು ಕೆ.ಜಿ. ಸೇರಿಸಿ ಬರೆಯೋಣ ಅಂತ ಸೂಚಿಸಿದ್ದು ರೈಟರು. ಮೇಸ್ತ್ರಿಗೆ ಕೋಪ ಬಂತು. “ಕೂತವ್ರಿಗೂ ಕೊಯ್ದ ಲೆಕ್ಕಾನಾ?” ಸಾಹುಕಾರರು ಎರಡು ದಿನ ಯೋಚಿಸಿದರು. ಒಪ್ಪಿದರು. ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣದ ಅತಿ ಮುಖ್ಯ ತೀರ್ಮಾನ ಇದೇ. ಶೌಚಾಲಯ ಕಟ್ಟಿಸಿ, ಕೆ.ಜಿ. ಲೆಕ್ಕ ಹಾಗೇ ಬಿಟ್ಟಿದ್ದರೆ, ಅದು ಖಾಲಿ ನಿಂತಿರುತ್ತಿತ್ತು.

ಕುದಿಸಿ ಆರಿಸಿದ ನೀರಿನ ಕ್ಯಾನ್‌ಗಳು ಬ್ಲಾಕಿಗೇ ಬಂದವು. ಸಾಕಷ್ಟು ಕುಡಿದಿದ್ದೇವಾ ಅಂತ ತಿಳಿಯುವುದು ಹೇಗೆ ಅನ್ನುವುದನ್ನು ಅಕ್ಕ ಕಲಿಸಿದ ರೀತಿ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ತಿಂದವರಿಗೆ ಮೂತ್ರ ಕೆಂಪಾಗಿ ಹೋಗುತ್ತದೆ. ಮದ್ದು ಮೈಗೆ ಹಿಡಿಯಿತು ಅಂತ ಎಲ್ಲರೂ ಅದನ್ನು ನೋಡಿಕೊಳ್ಳುತ್ತಾರೆ. “ಅವತ್ತು ಬಣ್ಣ ನೋಡ್ತೀವಲ್ಲ, ಹಾಗೇ ದಿನಾ ನೋಡಿ. ಹಳದಿ ಗಟ್ಟಿ ಇದ್ರೆ ನೀರು ಸಾಲ್ದು, ತಿಳಿಯಾಗಿದ್ರೆ ಸರಿ” ಅಂದರು. ಅಷ್ಟರಿಂದಲೇ ನಾಚಿಕೆ ಅರ್ಧ ಹೋಯಿತು.

ಮಳೆಗಾಲದ ಕಾಲು

ಮಳೆಗೆ ಮುಂಚಿನ ಬೋರ್ಡೋ ಸಿಂಪಡಣೆಯಲ್ಲಿ ಕಣ್ಣುರಿ, ಕೈ ತುರಿಕೆ ಅಂತ ಕೆಲವರು ಬರುತ್ತಿದ್ದರು. ಮೈಲುತುತ್ತು, ಸುಣ್ಣದ ದ್ರಾವಣ ಅದು. ಕನ್ನಡಕ, ಕೈಗವಸು, ತೊಳೆದುಕೊಳ್ಳಲು ಹತ್ತಿರದಲ್ಲೇ ಒಂದು ಡ್ರಮ್ ನೀರು, ಇಷ್ಟಕ್ಕೇ ಅದು ಬಹುಪಾಲು ನಿಂತಿತು. ಕಷ್ಟದ್ದು ಮಳೆಗಾಲ.

ಜುಲೈ ಎರಡನೇ ವಾರ ಅಕ್ಕನ ನೋಟ್‌ಬುಕ್ಕಿನಲ್ಲಿ ಕಾಲಿನ ಕೆಳಗೆ ಗೀಟುಗಳು ಸಾಲುಗಟ್ಟಿದವು. ಒಬ್ಬರ ಕಾಲನ್ನು ಒಲೆಯ ಬೆಳಕಿನಲ್ಲಿ ಬಿಡಿಸಿ ನೋಡಿದೆ. ಕಿರುಬೆರಳಿನ ಸಂದಿಯ ಚರ್ಮ ನೀರಲ್ಲಿ ನೆಂದ ಅವಲಕ್ಕಿಯ ಹಾಗೆ ಬೆಳ್ಳಗೆ ಉಬ್ಬಿತ್ತು. ಬೆರಳಿನಿಂದ ಸರಿಸಿದರೆ ಕಿತ್ತು ಬಂತು, ಒಳಗೆ ಕೆಂಪು ಸೀಳು. ಅದರ ಮೇಲೆ ಇಂಬಳ ಕಚ್ಚಿದ ಗಾಯಗಳು, ತುರಿಸಿ ಕೀವಾದದ್ದು. ಕೆಸರುಹುಣ್ಣು ಅಂತ ಎಲ್ಲರೂ ಮಳೆಗಾಲದ ಜೊತೆ ಬರುವ ನೆಂಟನ ಹಾಗೆ ಸಹಿಸಿಕೊಂಡಿದ್ದರು. ನನಗೆ ಹಿಂದಿನ ಆಗಸ್ಟ್ ನೆನಪಾಯಿತು. ಇಲಿ ಜ್ವರಕ್ಕೆ ಬಾಗಿಲು ತೆರೆದಿಡುವುದು ಇಂಥ ಕಾಲೇ.

ಬೂಟು ಇರಲಿಲ್ಲವೇ? ಇತ್ತು. ವರ್ಷಕ್ಕೆ ಒಂದು ಜೊತೆ. ಬೆಳಗ್ಗೆ ಹತ್ತರೊಳಗೆ ಮೇಲಿಂದ ನೀರು ಇಳಿದು ತುಂಬುತ್ತದೆ. ರಾತ್ರಿ ಲೈನ್ ಮನೆಯಲ್ಲಿ ಒಣಗಿಸಲು ಜಾಗ ಇಲ್ಲ. ಮಾರನೇ ದಿನ ಒದ್ದೆ ಬೂಟಿಗೇ ಕಾಲು. ಅಂಥ ಬೂಟಿಗಿಂತ ಬರಿಗಾಲು ವಾಸಿ ಅಂತ ಕೆಲವರು ಬಿಟ್ಟೇಬಿಟ್ಟಿದ್ದರು. ಬೂಟು ಕೊಟ್ಟರೂ ಹಾಕುವುದಿಲ್ಲ ಅನ್ನುವ ದೂರಿನ ಹಿಂದೆ ಇದ್ದದ್ದು ಇಷ್ಟು.

ಗೋಡೌನ್ ಪಕ್ಕದ ಹಳೇ ಕೊಠಡಿಯಲ್ಲಿ ಒಲೆ ಹಾಕಿದೆವು. ಗೋಡೆಗೆ ಸಾಲಾಗಿ ಬಿದಿರಿನ ಗೂಟ. ಬೂಟುಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ಬಣ್ಣದಲ್ಲಿ ನಂಬರ್ ಬರೆದರು. ಎಲ್ಲರಿಗೂ ಎರಡನೇ ಜೊತೆ ಬಂತು, ಒಂದು ಒಣಗುವಾಗ ಇನ್ನೊಂದು ಹಾಕಲು. ಮೊದಲ ವಾರ ಹೊಗೆ ತುಂಬಿ ಕೆಮ್ಮು ಶುರುವಾಯಿತು. ಚಿಮಣಿ ಕೊಳವೆ ಹಾಕಿಸಿದ ಮೇಲೆ ಸರಿಯಾಯಿತು. ಸಂಜೆ ಕೆಲಸ ಬಿಟ್ಟವರು ಅಲ್ಲೇ ಕಾಲು ತೊಳೆದು, ಬೆರಳ ಸಂದಿ ಒಣಬಟ್ಟೆಯಲ್ಲಿ ಒರೆಸಿ, ಮುಲಾಮು ಹಚ್ಚಿ ಹೋಗುವುದು. ಬೆಂಕಿ, ಕರಿಕಾಫಿ, ಮಾತು. ಅದು ಇಷ್ಟವಾಗಿ ಜನ ಕರೆಯದೇ ಬಂದರು. ತೋಡಿಗೆ, ಗದ್ದೆಗೆ ಇಳಿಯುವ ಕೆಲವರಿಗೆ ಇಲಿ ಜ್ವರ ತಡೆಯುವ ಮಾತ್ರೆಯನ್ನೂ ನೋಡಿ ಕೊಟ್ಟೆ. ಜ್ವರದ ಜೊತೆ ಮೀನಖಂಡ ನೋವಿದ್ದರೆ ಅದೇ ದಿನ ಫೋನ್ ಮಾಡಬೇಕು ಅನ್ನುವುದನ್ನು ಮೇಸ್ತ್ರಿಯಿಂದ ಹಿಡಿದು ಎಲ್ಲರಿಗೂ ಬಾಯಿಪಾಠ ಮಾಡಿಸಿದೆವು.

ಕಾಲು ಸೀಳಿದವರನ್ನು ಏನು ಮಾಡುವುದು? ಮನೆಗೆ ಕಳಿಸಿದರೆ ಕೂಲಿ ಹೋಗುತ್ತದೆ, ಹಾಗಾಗಿ ಹೇಳದೆ ಮುಚ್ಚಿಡುತ್ತಾರೆ. ಅದೇ ಕೂಲಿಗೆ ಒಣ ಜಾಗದಲ್ಲಿ ಹಗುರ ಕೆಲಸ: ಮೆಣಸು ಆರಿಸುವುದು, ನರ್ಸರಿ ಶೆಡ್ಡಿನಲ್ಲಿ ಪ್ಯಾಕೆಟ್‌ಗೆ ಮಣ್ಣು ತುಂಬುವುದು, ಚೀಲ ಹೊಲಿಯುವುದು. “ಎಲ್ರೂ ಶೆಡ್ಡೇ ಬೇಕು ಅಂದ್ರೆ?” ಅಂತ ಸಾಹುಕಾರರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೂರು ದಿನ, ಆಮೇಲೆ ನಾನು ನೋಡಬೇಕು ಅಂತ ಗಡಿ ಹಾಕಿದೆವು. ಅವರು ಹೆದರಿದಷ್ಟು ಜನ ಕೇಳಲಿಲ್ಲ. ವಾರವಿಡೀ ಮನೆಯಲ್ಲಿ ಇರುತ್ತಿದ್ದವರು ಮೂರು ದಿನ ಶೆಡ್ಡಿನಲ್ಲಿದ್ದು ನಾಲ್ಕನೇ ದಿನ ತೋಟಕ್ಕೆ ಇಳಿದರು.

‘ಸೋಂಬೇರಿ’ ಅನ್ನಿಸಿಕೊಂಡ ಹುಡುಗ

ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನ ಬಗ್ಗೆ ಮೇಸ್ತ್ರಿ ಮೊದಲಿನಿಂದಲೂ ದೂರುತ್ತಿದ್ದರು. ಬಿಸಿಲು ಕಾಲದಲ್ಲಿ ಚೆನ್ನಾಗಿ ದುಡಿಯುತ್ತಾನೆ, ಮಳೆ ಬಿದ್ದರೆ ಮೈಗಳ್ಳ. ಕೀಲು ನೋವು, ಎದೆ ನೋವು ಅಂತ ದಿನಗಟ್ಟಲೆ ಮಲಗುತ್ತಾನೆ. ಶಿಬಿರದಲ್ಲಿ ಅವನ ಕಣ್ಣು ಬಿಳಿಚಿಕೊಂಡಿದ್ದು ನೋಡಿ ನಾನೂ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸಿದ್ದೆ. ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ಆ ಜುಲೈಯಲ್ಲಿ ನೋವು ಬಂದಾಗ ಅವನ ಗುಡಿಸಲಿಗೆ ಹೋದೆ. ಮೊಣಕಾಲು ಹಿಡಿದುಕೊಂಡು ಅಳುತ್ತಿದ್ದ. ಅವನ ಅಣ್ಣ ಚಿಕ್ಕಂದಿನಲ್ಲೇ ಹೀಗೇ ನರಳಿ ತೀರಿಕೊಂಡದ್ದು ಅಂತ ತಾಯಿ ಹೇಳಿದರು. ಪರೀಕ್ಷೆಗೆ ಕಳಿಸಿದೆ. ಸಿಕಲ್ ಸೆಲ್ ಕಾಯಿಲೆ. ರಕ್ತದ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಚಳಿ, ಒದ್ದೆ, ನೀರಿನ ಕೊರತೆ, ಅತಿ ದಣಿವು ಇವೆಲ್ಲ ನೋವನ್ನು ಕೆರಳಿಸುತ್ತವೆ. ಹುಟ್ಟಿನಿಂದ ಬರುವ ಈ ಕಾಯಿಲೆ ಬುಡಕಟ್ಟು ಸಮುದಾಯಗಳಲ್ಲಿ ಜಾಸ್ತಿ. ಅದಕ್ಕೇ 2023ರ ಜುಲೈ 1ರಂದು ದೇಶದಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ಅಭಿಯಾನ ಶುರುವಾಗಿ, 40 ವರ್ಷದೊಳಗಿನವರ ತಪಾಸಣೆ ನಡೆಯುತ್ತಿದೆ. ಇಂಥವರಿಗೆ ಕಬ್ಬಿಣಾಂಶದ ಕೊರತೆ ಪರೀಕ್ಷೆಯಲ್ಲಿ ಕಂಡರೆ ಮಾತ್ರ ಆ ಮಾತ್ರೆ ಕೊಡಬೇಕು. ಕೊಡಗಿನಲ್ಲಿ ಕೆಲಸ ಮಾಡುವ ವೈದ್ಯೆಯಾಗಿ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಇಲ್ಲಿ ಒಂದು ಕಷ್ಟದ ತೀರ್ಮಾನ ಇತ್ತು. ಸಾಹುಕಾರರು “ಏನಂತೆ ಅವನಿಗೆ?” ಅಂತ ಕಾಳಜಿಯಿಂದಲೇ ಕೇಳಿದರು. ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಒಂದು ಚೀಟಿಯಲ್ಲಿ ಹೀಗೆ ಬರೆದೆ: ‘ಮಳೆಯಲ್ಲಿ ನಿಲ್ಲಿಸಬೇಡಿ, ಭಾರ ಹೊರಿಸಬೇಡಿ, ನೀರು ಕುಡಿಯಲು ಬಿಡುವು ಕೊಡಿ, ಬೇರೆ ಕೆಲಸ ಮಾಡಬಲ್ಲ.’ ಯಜಮಾನರಿಗೆ ಬೇಕಾದದ್ದು ಅಷ್ಟೇ. ರೋಗದ ಹೆಸರು ರೋಗಿಯದ್ದು. ಅವನು ಆಮೇಲೆ ತಾನೇ ಹೇಳಿಕೊಂಡ, ಅದು ಬೇರೆ ಮಾತು. ಈಗ ನರ್ಸರಿ ನೋಡಿಕೊಳ್ಳುತ್ತಾನೆ. ಔಷಧಿ ತೆಗೆದುಕೊಳ್ಳುತ್ತಿದ್ದಾನೆ. ಮೇಸ್ತ್ರಿ ಅವನನ್ನು ಸೋಂಬೇರಿ ಅಂತ ಕರೆಯುವುದನ್ನು ಬಿಟ್ಟಿದ್ದಾರೆ.

ಏನಾಯಿತು, ಏನಾಗಲಿಲ್ಲ

ಅಕ್ಕನ ನೋಟ್‌ಬುಕ್ ಶುರುವಾದ ಮೊದಲ ಮೂರು ತಿಂಗಳು ಒಟ್ಟು ಗೈರು ಇಳಿಯಲಿಲ್ಲ, ಏರಿತು. ಅದುವರೆಗೆ ನೋವು ಮುಚ್ಚಿಟ್ಟು ಬರುತ್ತಿದ್ದವರು ಹೇಳಿಕೊಂಡು ರಜೆ ಹಾಕಿದರು. ಈ ಹೊತ್ತಿಗೆ ಸಾಹುಕಾರರು ಕೈಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಇಂಥ ಕೆಲಸ ಶುರುಮಾಡುವವರು ಇದನ್ನು ಯಜಮಾನರಿಗೆ ಮೊದಲೇ ಹೇಳಿಟ್ಟಿರಬೇಕು. ನಾನು ಹೇಳಿರಲಿಲ್ಲ. ಏರಿದ ಮೇಲೆ ಸಮಜಾಯಿಷಿ ಕೊಡಬೇಕಾಯಿತು.

ಎರಡನೇ ಮಳೆಗಾಲ ಮುಗಿದಾಗ ಹುಷಾರಿಲ್ಲದ ರಜೆ ಹಿಂದಿನ ವರ್ಷದ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಆ ವರ್ಷ ಮಳೆಯೂ ಸ್ವಲ್ಪ ಕಡಿಮೆ ಇತ್ತು. ಹಾಗಾಗಿ ಅಷ್ಟೂ ಬೂಟಿನಿಂದ, ಒಲೆಯಿಂದ ಆಯಿತು ಅಂತ ಹೇಳಲಾರೆ. ಆದರೆ ಕೊಯ್ಲಿನಲ್ಲಿ ‘ಹನಿ’ಯ ಕೆಳಗಿನ ಗೀಟುಗಳು ಕೈಬೆರಳಲ್ಲಿ ಎಣಿಸುವಷ್ಟಾದದ್ದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ. ಇಲಿ ಜ್ವರ ಎರಡು ಸಲ ಬಂತು. ಎರಡನ್ನೂ ಮೊದಲ ದಿನವೇ ಹಿಡಿದೆವು.

ಕುಡಿತದ ವಿಷಯದಲ್ಲಿ ನಾವು ಏನನ್ನೂ ಸಾಧಿಸಲಿಲ್ಲ. ಬಾಟಲಿಯ ಕೆಳಗಿನ ಗೀಟುಗಳು ಎರಡು ವರ್ಷವೂ ಒಂದೇ ಥರ ಇದ್ದವು. ಅಸ್ಸಾಂನಿಂದ ಬಂದ ಹೆಂಗಸರ ಕಷ್ಟ ನಮಗೆ ಪೂರ್ತಿ ತಿಳಿಯಲೇ ಇಲ್ಲ. ಅವರ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದದ್ದು ಜೀಪ್ ಡ್ರೈವರ್, ಗಂಡಸು. ರೈಟರ ಹತ್ತಿರ ಆದ ತಪ್ಪೇ ಅಲ್ಲಿ ಮತ್ತೆ ಆಯಿತು. ಬೆನ್ನುನೋವೂ ಹಾಗೇ ಉಳಿಯಿತು. ಹಸಿ ಹಣ್ಣಿನ ಚೀಲ 50 ಕೆ.ಜಿ. ದಾಟುತ್ತದೆ. ಅರ್ಧ ಚೀಲ ಹೊರಿ ಅಂದರೆ ಎರಡು ಸಲ ಏರು ಹತ್ತಬೇಕು, ಅದಕ್ಕೆ ಯಾರೂ ಒಪ್ಪಲಿಲ್ಲ.

ಬೇರೆ ತೋಟದವರು ಏನು ಮಾಡಬೇಕು ಅಂತ ಕೇಳಿದರೆ ನಾನು ಶೌಚಾಲಯದಿಂದಲೂ ಬೂಟಿನಿಂದಲೂ ಶುರುಮಾಡುವುದಿಲ್ಲ. ನಿಮ್ಮಲ್ಲಿ ಯಾರ ಹತ್ತಿರ ಜನ ನಿಜ ಹೇಳುತ್ತಾರೆ ಅಂತ ಕೇಳುತ್ತೇನೆ. ಅವರ ಕೈಗೆ ನೋಟ್‌ಬುಕ್ ಕೊಡಿ, ಹೆಸರು ಬೇಡ, ಒಂದು ಮಳೆಗಾಲ, ಒಂದು ಕೊಯ್ಲು ಬರೆಯಲಿ. ಆಮೇಲೆ ಅದರಲ್ಲಿ ಬಂದದ್ದಕ್ಕೆ ಕೂಲಿಯಲ್ಲಿ ನಷ್ಟವಾಗದ ಹಾಗೆ ದಾರಿ ಹುಡುಕಿ. ಇನ್ನೊಂದು ತೋಟದಲ್ಲಿ ಕಾರಣ ಬೇರೆಯೇ ಇರಬಹುದು.

ನಾನು ಕೊನೇ ಸಲ ಹೋದಾಗ ಅಕ್ಕ ಹೊಸ ನೋಟ್‌ಬುಕ್ ತೋರಿಸಿದರು. ಹನಿ, ಕಾಲು, ತಲೆ ಇವುಗಳ ಕೆಳಗೆ ಗೀಟು ಅಲ್ಲೊಂದು ಇಲ್ಲೊಂದು. ಮಗುವಿನ ಚಿತ್ರದ ಕೆಳಗೆ ಮಾತ್ರ ಉದ್ದಕ್ಕೆ ಗೀಟುಗಳು. ಮಗುಗೆ ಜ್ವರ, ಅಂಗನವಾಡಿಗೆ ರಜೆ, ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಹುಷಾರಿಲ್ಲ. ಅವು ಮೊದಲಿಂದಲೂ ಇದ್ದವಂತೆ, ಬೇರೆ ಗೀಟುಗಳ ನಡುವೆ ಕಾಣುತ್ತಿರಲಿಲ್ಲ. ಸಾಹುಕಾರರು ಕಣದ ಪಕ್ಕದ ಇನ್ನೊಂದು ಕೊಠಡಿ ತೋರಿಸಿದ್ದಾರೆ. ಕಿಟಕಿಗೆ ಜಾಲರಿ ಹಾಕಿಸಬೇಕು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಯಾರು ಅನ್ನುವುದನ್ನು ಲೈನಿನ ಹೆಂಗಸರೇ ಕೂತು ಮಾತಾಡುತ್ತಿದ್ದಾರೆ.